ಮಗುವಿನ ಮುಖ ಬೇಕು, ಮಗು ಬೇಡವೇ?

ಸುದ್ದಿಮಾಧ್ಯಮಗಳ ಸಂಪಾದಕರಿಗೂ, ಕಥೆ ಕಾದಂಬರಿಗಳನ್ನು ಬರೆಯುವ ಮತ್ತು ಪ್ರಕಟಿಸುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಂಪಾದಕರನ್ನೂ ಸಾಹಿತಿಗಳನ್ನೂ ಒಂದೇ ಪತ್ರದಲ್ಲಿ ಕೂಡಿಸಿ ಸಂಬೋಧಿಸುತ್ತಿರುವುದಕ್ಕೆ ಕಾರಣವಿದೆ. ವಿಶ್ವಸಂಸ್ಥೆಯ ಮಹಾಸಭೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 17ನೆಯ ವಿಧಿಯು ಸಮೂಹ ಮಾಧ್ಯಮಗಳ ಹೊಣೆಗಾರಿಕೆಯನ್ನು ಹೇಳುವಾಗಲೇ, ಮಕ್ಕಳ ಪುಸ್ತಕಗಳ ರಚನೆಗೂ ಪ್ರಸಾರಕ್ಕೂ ಪ್ರೋತ್ಸಾಹ ಸಿಗಬೇಕೆಂದು ಹೇಳುತ್ತದೆ. ಆ ವಿಧಿಯನ್ನು ರೂಪಿಸಿದವರಿಗೆ ಸುದ್ದಿಮನೆ ಮತ್ತು ಪುಸ್ತಕ ಎರಡೂ ಮಗುವಿನ ವಿಷಯದಲ್ಲಿ ಒಂದೇ ಕರ್ತವ್ಯದ ಎರಡು ಪಾಲುಗಳಾಗಿ ಕಂಡಿರಬೇಕು. ನನಗೂ ಹಾಗೆಯೇ ಕಾಣುತ್ತದೆ. ಆದುದರಿಂದ ಒಬ್ಬರ ತಪ್ಪನ್ನು ಇನ್ನೊಬ್ಬರ ತಪ್ಪಿನಿಂದ ಬೇರ್ಪಡಿಸಿ ಬರೆಯಲು ನನಗೆ ಸಾಧ್ಯವಾಗಲಿಲ್ಲ.

ನನ್ನ ದೂರು ಹೀಗಿದೆ. ಯಾರ ಕಣ್ಣಿಗೂ ಬೀಳದೆ ಬೆಳೆಯುವ ಮಗುವಿಗೆ ಊಟ, ಬಟ್ಟೆ, ಸೂರುಗಳಷ್ಟೇ ಅಗತ್ಯವಾದದ್ದು ಇನ್ನೊಬ್ಬರ ಗಮನ. ಈ ಹಸಿವನ್ನು ಪ್ರಚಾರ ನಡೆಸುವವರು ಬಹಳ ಚೆನ್ನಾಗಿ ಬಲ್ಲರು. ಎಲ್ಲಿ ಯಾವ ಮಗು ಒಂಟಿಯಾಗಿದೆ, ಯಾವ ಮಗುವಿನ ಮುಖಕ್ಕೆ ಜನ ಕರಗುತ್ತಾರೆ ಎಂಬುದನ್ನು ಅರಿತು ಅದನ್ನು ತಮ್ಮ ಪಕ್ಷಕ್ಕೆ, ತಮ್ಮ ಯುದ್ಧಕ್ಕೆ, ತಮ್ಮ ದ್ವೇಷಕ್ಕೆ ಹೂಡಿಕೊಳ್ಳುತ್ತಾರೆ. ಅದೇ ಹಸಿವನ್ನು ಯಾವ ಲಾಭದ ಲೆಕ್ಕವೂ ಇಲ್ಲದೆ, ಮಗುವಿಗಾಗಿಯೇ ಅರಿಯಬೇಕಾಗಿದ್ದುದು ಸಾಹಿತ್ಯ. ಅದು ಆ ಕೆಲಸವನ್ನು ಬಹುಪಾಲು ಕೈಬಿಟ್ಟಿದೆ ಎಂದು ನಾನು ನೋವಿನಿಂದ ಹೇಳುತ್ತಿದ್ದೇನೆ.

ಕಂಡದ್ದನ್ನು ಮೊದಲು ಹೇಳುತ್ತೇನೆ. ನಾನು ಹಲವು ವರ್ಷಗಳಿಂದ ಮಕ್ಕಳ ಆಶ್ರಯಧಾಮವೊಂದಕ್ಕೆ ಹೋಗಿ ಸಂಜೆಯ ಹೊತ್ತು ಕಥೆ ಓದುತ್ತೇನೆ. ಅಂಥ ಧಾಮಗಳ ಆಡಳಿತದ ಬಗ್ಗೆ ರಾಜಕೀಯ ಜಗಳ ಜೋರಾಗಿದ್ದ ಸಮಯದಲ್ಲಿ ಒಂದು ಸುದ್ದಿವಾಹಿನಿಯವರು ಅಲ್ಲಿಗೆ ಬಂದರು. ಒಂಬತ್ತು ವರ್ಷದ ಆಸುಪಾಸಿನ ಹುಡುಗನೊಬ್ಬನನ್ನು ಕೂರಿಸಿಕೊಂಡು, ನಿನಗೆ ಇಲ್ಲಿ ಏನು ಕಷ್ಟ ಎಂದು ಕೇಳಿದರು. ಅವನು ತನ್ನ ಅಕ್ಕನ ಬಗ್ಗೆ ಹೇಳಲು ಶುರುಮಾಡಿದ. ಅಕ್ಕ ಬೇರೆ ಕಡೆ ಇದ್ದಾಳೆ, ಬರುತ್ತೇನೆಂದು ಹೇಳಿದ್ದಳು, ಬಂದಿಲ್ಲ ಎಂದ. ಅದಲ್ಲ, ಇಂಥವರು ಬಂದ ಮೇಲೆ ಊಟ ಸರಿಯಿಲ್ಲ ಎಂದು ಹೇಳು ಎಂದು ವರದಿಗಾರರು ತಿದ್ದಿದರು. ಹುಡುಗ ಆ ಮುಖವನ್ನು ಕೊಂಚ ಹೊತ್ತು ನೋಡಿದ. ಯಾವ ಮಾತಿಗೆ ಆ ಮುಖ ಅರಳುತ್ತದೆ ಎಂಬುದು ಅವನಿಗೆ ತಿಳಿಯಿತು. ಮುಂದಿನ ಸಲ ಹೇಳಿಕೊಟ್ಟಂತೆಯೇ ಹೇಳಿದ, ಅದರ ಮುಂದಿನ ಸಲ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಆ ರಾತ್ರಿ ಹಿನ್ನೆಲೆ ಸಂಗೀತದೊಂದಿಗೆ ಆ ತುಣುಕು ಮತ್ತೆ ಮತ್ತೆ ಬಿತ್ತರವಾಯಿತು. ಮರುದಿನ ಎದುರು ಪಾಳೆಯದ ಇನ್ನೊಂದು ವಾಹಿನಿ ಅದೇ ತುಣುಕನ್ನು ತೋರಿಸಿ, ಹುಡುಗನಿಗೆ ಹೇಳಿಕೊಟ್ಟು ಸುಳ್ಳು ಹೇಳಿಸಲಾಗಿದೆ ಎಂದಿತು. ಎರಡೂ ಕಡೆಯವರಿಗೆ ಅವನ ಅಕ್ಕ ಸುದ್ದಿಯಾಗಲಿಲ್ಲ. ಆ ಹುಡುಗ ಮಾತ್ರ, ಮೈಕು ಹಿಡಿದಿದ್ದ ಮಾಮ ಮತ್ತೆ ಯಾವಾಗ ಬರುತ್ತಾರೆ ಎಂದು ನನ್ನನ್ನು ಬಹಳ ಕಾಲ ಕೇಳುತ್ತಿದ್ದ.

ಅವನು ಸುಳ್ಳುಗಾರನಲ್ಲ. ತನ್ನ ಕಡೆ ಮುಖಮಾಡಿ ಕೂತ ಒಬ್ಬ ಹಿರಿಯರನ್ನು ಇನ್ನಷ್ಟು ಹೊತ್ತು ಕೂರಿಸಿಕೊಳ್ಳಲು ತನ್ನಲ್ಲಿದ್ದುದನ್ನೆಲ್ಲ ಕೊಟ್ಟ ಮಗು ಅವನು. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ನಡೆಸಿದ ಪ್ರಯೋಗವೊಂದು ಇದಕ್ಕೆ ಸಾಕ್ಷಿಯಾಗಿದೆ. ಕೆಲವೇ ತಿಂಗಳ ಕೂಸಿನೊಡನೆ ಆಡುತ್ತಿದ್ದ ತಾಯಿಗೆ, ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನಿರಲು ಹೇಳಲಾಯಿತು. ಕೂಸು ಮೊದಲು ನಗುತ್ತದೆ, ಕೈಚಾಚುತ್ತದೆ, ತಾಯಿಯನ್ನು ಹಿಂದಕ್ಕೆ ಕರೆತರಲು ತಾನು ಬಲ್ಲ ಉಪಾಯಗಳನ್ನೆಲ್ಲ ಹೂಡುತ್ತದೆ. ಯಾವುದೂ ಫಲಿಸದಿದ್ದಾಗ ಕಿರುಚುತ್ತದೆ, ಕಡೆಗೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಆಗುವುದು ಇದು. ವರ್ಷಗಟ್ಟಲೆ ಅಂಥ ಮುಖಗಳ ನಡುವೆಯೇ ಬದುಕಿದ ಮಗುವಿನ ಎದುರಿಗೆ ಕ್ಯಾಮೆರಾ ಇಡುವಾಗ, ಅದು ಏನು ಹೇಳಿದರೂ ಒಪ್ಪಿಗೆಯಿಂದ ಹೇಳಿತು ಎಂದು ದಯವಿಟ್ಟು ವಾದಿಸಬೇಡಿ.

ಮಾನ್ಯ ಸಂಪಾದಕರೇ, ಮಗುವನ್ನು ಪ್ರಚಾರದ ಸಾಧನ ಮಾಡಿಕೊಳ್ಳುವುದು ಯಾವುದೋ ಒಂದು ದೇಶದ ಅಥವಾ ಒಂದು ಸಿದ್ಧಾಂತದ ರೋಗವಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಪುರಾವೆಗಳಿವೆ. ಇರಾಕ್ ಕುವೈತನ್ನು ಆಕ್ರಮಿಸಿಕೊಂಡಿದ್ದ ದಿನಗಳಲ್ಲಿ, 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸದರ ಮಾನವಹಕ್ಕು ಕೂಟದ ಮುಂದೆ ಹದಿನೈದು ವರ್ಷದ ಕುವೈತಿ ಹುಡುಗಿಯೊಬ್ಬಳು, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು ಅಳುತ್ತ ಹೇಳಿದಳು. ಆ ಮಾತು ಜಗತ್ತಿನ ಪರದೆಗಳ ಮೇಲೆಲ್ಲ ಹರಿದಾಡಿತು. ಇರಾಕಿನ ಮೇಲೆ ಯುದ್ಧ ಬೇಕೆಂದವರು ಅದನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ಉದ್ಧರಿಸಿದರು. ಅವಳು ಅಮೆರಿಕದಲ್ಲಿದ್ದ ಕುವೈತಿ ರಾಯಭಾರಿಯ ಮಗಳೆಂಬುದೂ, ಆ ಸಾಕ್ಷ್ಯದ ಹಿಂದೆ ಒಂದು ಸಾರ್ವಜನಿಕ ಸಂಪರ್ಕ ಸಂಸ್ಥೆ ಕೆಲಸ ಮಾಡಿತ್ತೆಂಬುದೂ 1992ರಲ್ಲಿ ಬಯಲಾದವು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಅನಂತರ ಅದೇ ಇರಾಕಿನ ಮೇಲೆ ನಿರ್ಬಂಧಗಳಿದ್ದಾಗ ಅಲ್ಲಿನ ಸರ್ಕಾರವೂ ಮಕ್ಕಳನ್ನೇ ಮುಂದಿಟ್ಟಿತು. 1999ರ ಸಮೀಕ್ಷೆಯ ಮಕ್ಕಳ ಮರಣದ ಅಂಕಿಗಳನ್ನು ಆ ಸರ್ಕಾರ ತಿರುಚಿತ್ತೆಂದು 2017ರಲ್ಲಿ ಸಂಶೋಧಕರು ಬರೆದರು. ನಿಜವಾಗಿ ನರಳಿದ ಮಕ್ಕಳು ಆ ಎರಡು ಸುಳ್ಳುಗಳ ನಡುವೆ ಕಾಣದೆ ಹೋದರು. ಸುಳ್ಳು ಹೊರಬಿದ್ದ ಮೇಲೆ ನಿಜವಾದ ಮಗುವಿನ ಅಳುವನ್ನೂ ಜನ ಅನುಮಾನಿಸುತ್ತಾರೆ. ಅಂಥ ಪ್ರಚಾರ ಮಾಡುವ ಅತ್ಯಂತ ದೊಡ್ಡ ಕೇಡು ಇದೇ ಎಂದು ನಾನು ಭಾವಿಸುತ್ತೇನೆ.

ಚಿತ್ರ ನಿಜವಾಗಿದ್ದಾಗಲೂ ಮಗುವಿಗೆ ನ್ಯಾಯ ಸಿಗುತ್ತದೆ ಎನ್ನುವಂತಿಲ್ಲ. 2016ರ ಆಗಸ್ಟ್‌ನಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಬಾಂಬುದಾಳಿಯಿಂದ ಕುಸಿದ ಮನೆಯಿಂದ ಹೊರತೆಗೆದ ಐದು ವರ್ಷದ ಉಮ್ರಾನ್ ದಕ್ನೀಶ್, ಮೈಯೆಲ್ಲ ಧೂಳು, ಮುಖದ ಮೇಲೆ ರಕ್ತ ಇದ್ದಂತೆಯೇ ಆಂಬುಲೆನ್ಸಿನ ಕಿತ್ತಳೆ ಬಣ್ಣದ ಆಸನದ ಮೇಲೆ ಸುಮ್ಮನೆ ಕೂತಿದ್ದ ಚಿತ್ರವನ್ನು ತಾವೆಲ್ಲರೂ ಪ್ರಕಟಿಸಿದ್ದೀರಿ. ಒಂದು ಕಡೆಯವರಿಗೆ ಅದು ಸರ್ಕಾರದ ಕ್ರೌರ್ಯಕ್ಕೆ ಸಾಕ್ಷಿಯಾಯಿತು. ಸಿರಿಯಾದ ಆಗಿನ ಅಧ್ಯಕ್ಷರು ಅದು ನಿಜವಾದ ಚಿತ್ರವೇ ಅಲ್ಲ ಎಂದರು. ಮರುವರ್ಷ ಅದೇ ಮಗು, ಸ್ವಚ್ಛ ಬಟ್ಟೆ ತೊಟ್ಟು ತಂದೆಯ ಜೊತೆಯಲ್ಲಿ ಸರ್ಕಾರದ ಪರವಾದ ವಾಹಿನಿಗಳಲ್ಲಿ ಕಾಣಿಸಿಕೊಂಡಿತು. ಬಂಡುಕೋರರು ತನ್ನ ಮಗನನ್ನು ಬಳಸಿಕೊಂಡರೆಂದು ತಂದೆ ಹೇಳಿದರು. ಒಂದೇ ಮಗು ಎರಡು ಪಾಳೆಯಗಳ ಭಿತ್ತಿಪತ್ರವಾಯಿತು. ಅದೇ ದಾಳಿಯಲ್ಲಿ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡ ಹತ್ತು ವರ್ಷದ ಅಣ್ಣ ಅಲಿಯನ್ನು ನೆನಪಿಟ್ಟುಕೊಂಡವರು ಎಷ್ಟು ಜನ? ಅವನ ಚಿತ್ರ ಅಷ್ಟು ಚೆನ್ನಾಗಿ ಬಂದಿರಲಿಲ್ಲ ಎಂಬುದನ್ನು ಬಿಟ್ಟರೆ ಇಬ್ಬರ ನೋವಿಗೆ ಬೇರೆ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಈಗ ಲೇಖಕರ ಕಡೆಗೆ ತಿರುಗುತ್ತೇನೆ. ಪ್ರಚಾರ ಮಾಧ್ಯಮದ ಕೆಲಸ, ನಾವು ಅದಕ್ಕೆ ಹೊಣೆಗಾರರಲ್ಲ ಎಂದು ತಾವು ಹೇಳಬಹುದು. ಪಾವ್ಲಿಕ್ ಮೊರೊಜೊವ್‌ನ ವೃತ್ತಾಂತ ಆ ಮಾತಿಗೆ ಅವಕಾಶ ಕೊಡುವುದಿಲ್ಲ. ಸೋವಿಯತ್ ರಷ್ಯದ ಉರಲ್ ಪ್ರಾಂತದ ಗೆರಾಸಿಮೊವ್ಕಾ ಎಂಬ ಹಳ್ಳಿಯ ಈ ಹುಡುಗ 1932ರ ಸೆಪ್ಟೆಂಬರ್‌ನಲ್ಲಿ ಕಾಡಿನಲ್ಲಿ ಕೊಲೆಯಾದ. ಅವನಿಗೆ ಆಗ ಹದಿಮೂರು ವರ್ಷ. ತಂದೆಯ ಅಪರಾಧವನ್ನು ಅಧಿಕಾರಿಗಳಿಗೆ ತಿಳಿಸಿದ್ದಕ್ಕಾಗಿ ಬಂಧುಗಳೇ ಅವನನ್ನು ಕೊಂದರೆಂದು ಸೋವಿಯತ್ ಪತ್ರಿಕೆಗಳು ಸಾರಿದವು, ಬಂಧುಗಳಿಗೆ ಮರಣದಂಡನೆಯಾಯಿತು, ಹುಡುಗ ದೇಶದ ಎಲ್ಲ ಮಕ್ಕಳ ಆದರ್ಶನಾದ. ಅವನ ಮೇಲೆ ಪದ್ಯಗಳು, ಹಾಡುಗಳು, ಪುಸ್ತಕಗಳು ಬಂದವು. 1948ರಲ್ಲಿ ಮಾಸ್ಕೋದಲ್ಲಿ ಪ್ರತಿಮೆಯೂ ನಿಂತಿತು. ಅನಂತರ ಕಡತಗಳನ್ನು ಕೆದಕಿದ ಇತಿಹಾಸಕಾರರು ಆ ಕಥೆಯ ಬಹುಭಾಗವನ್ನು ಸಂಶಯದಿಂದ ಕಂಡರು. ಅವರ ಬರಹಗಳಿಂದ ನಮಗೆ ಸಿಗುವುದು ಬೇರೊಂದು ಚಿತ್ರ. ತಂದೆ ಹೆಂಡತಿ ಮಕ್ಕಳನ್ನು ಬಿಟ್ಟು ಬೇರೊಬ್ಬಳ ಜೊತೆ ಇದ್ದ, ತಾಯಿ ಬಡತನದಲ್ಲಿ ಒಬ್ಬಳೇ ಒದ್ದಾಡುತ್ತಿದ್ದಳು, ಹಿರಿಯ ಮಗನ ಹೆಗಲಿಗೆ ಮನೆಯ ಭಾರ ಬಿದ್ದಿತ್ತು. ಅಂದರೆ ಅಲ್ಲಿ ಇದ್ದವನು ತಂದೆ ತೊರೆದುಹೋದ ಒಬ್ಬ ಹುಡುಗ. ಆ ಹುಡುಗನಿಗೆ ಏನನ್ನಿಸುತ್ತಿತ್ತು ಎಂದು ಬರೆಯಲು ಅಷ್ಟು ಮಂದಿ ಬರಹಗಾರರಲ್ಲಿ ಯಾರಿಗೂ ಬಿಡುವಿರಲಿಲ್ಲ. ಅವನ ಜೊತೆಯಲ್ಲೇ ಕೊಲೆಯಾದ ಪುಟ್ಟ ತಮ್ಮ ಫ್ಯೋದರ್ ಪ್ರಚಾರಕ್ಕೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಆದುದರಿಂದ ಅವನು ಅಣ್ಣನ ಕಥೆಯ ಅಂಚಿನಲ್ಲಿಯೇ ಉಳಿದ.

ಆ ಹುಡುಗನಿಗೆ ಸ್ಮಾರಕ ಕಟ್ಟಬೇಕೆಂದು 1930ರ ದಶಕದಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ರಷ್ಯದ ಹೆಸರಾಂತ ಲೇಖಕ ಮ್ಯಾಕ್ಸಿಂ ಗಾರ್ಕಿಯೂ ಒಬ್ಬರು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕದಡುತ್ತದೆ. ಗಾರ್ಕಿ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾತನ ಮನೆಯ ಹೊಡೆತ ಬಡಿತಗಳ ನಡುವೆ ಬೆಳೆದು, ತಾಯಿಯೂ ತೀರಿಕೊಂಡ ಮೇಲೆ ಹನ್ನೊಂದರ ವಯಸ್ಸಿಗೇ ದುಡಿಮೆಗೆ ಹೊರಬಿದ್ದವರು. 1913-14ರಲ್ಲಿ ಅವರು ಬರೆದ ಬಾಲ್ಯದ ಕಥನದಲ್ಲಿ ಆ ಮಗು ಯಾವ ತತ್ತ್ವಕ್ಕೂ ಉದಾಹರಣೆಯಾಗಿ ನಿಲ್ಲುವುದಿಲ್ಲ. ನೆಲದ ಮೇಲೆ ಮಲಗಿಸಿದ ತಂದೆಯ ಶವವನ್ನು ನೋಡುತ್ತದೆ, ಪ್ರಜ್ಞೆ ತಪ್ಪುವಷ್ಟು ಹೊಡೆತ ತಿನ್ನುತ್ತದೆ, ಅಜ್ಜಿಯ ಕಥೆಗಳಿಗೆ ಕಿವಿಗೊಡುತ್ತದೆ, ದೊಡ್ಡವರನ್ನು ಕಣ್ಣಿಟ್ಟು ಗಮನಿಸುತ್ತದೆ. ಓದುವವರು ಆ ಮಗುವಿನ ಜೊತೆಯಲ್ಲೇ ಇರುತ್ತಾರೆ, ಅಷ್ಟೆ. ಇಂಥ ಪುಸ್ತಕ ಬರೆದವರೇ ಎರಡು ದಶಕಗಳ ಬಳಿಕ ಇನ್ನೊಬ್ಬ ಅನಾದೃತ ಹುಡುಗನನ್ನು ಕಲ್ಲಿನ ಪ್ರತಿಮೆಯಾಗಿಸಲು ಕರೆಕೊಟ್ಟರು. ಗಾರ್ಕಿಯಂಥವರಿಗೇ ಹೀಗಾಯಿತೆಂದರೆ ನಮ್ಮಲ್ಲಿ ಯಾರೂ ಇದರಿಂದ ಸುರಕ್ಷಿತರಲ್ಲ. ಯಾವ ಗಳಿಗೆಯಲ್ಲಿ ಮಗು ಒಂದು ಮಾತಿಗೆ ಆಧಾರವಾಗಿ ನಮಗೆ ಬೇಕಾಗುತ್ತದೆಯೋ ಆ ಗಳಿಗೆಯಲ್ಲೇ ನಾವು ಅದನ್ನು ನೋಡುವುದನ್ನು ನಿಲ್ಲಿಸಿರುತ್ತೇವೆ.

ಇವತ್ತಿನ ಕಥೆಗಳಲ್ಲಿ ಬರುವ ಅನಾದೃತ ಮಗುವನ್ನು ಕುರಿತು ನನ್ನ ಅಸಮಾಧಾನ ಇಲ್ಲಿಂದಲೇ ಹುಟ್ಟಿದ್ದು. ನಾನು ಓದಿದ ಕಥೆಗಳಲ್ಲಿ ಹೆಚ್ಚಿನವುಗಳಲ್ಲಿ ಆ ಮಗು ಓದುಗರ ಕಣ್ಣೀರಿಗೆ ನೆಪವಾಗಿ ಬರುತ್ತದೆ, ಕಥಾನಾಯಕನ ದೊಡ್ಡತನ ತೋರಿಸಲು ಬರುತ್ತದೆ, ವ್ಯವಸ್ಥೆಯ ವಿರುದ್ಧ ಒಂದು ವಾಕ್ಯವಾಗಿ ಬರುತ್ತದೆ. ಅದಕ್ಕೆ ಹೊಟ್ಟೆಕಿಚ್ಚಿಲ್ಲ, ಹಟವಿಲ್ಲ, ಕದಿಯುವ ಚಪಲವಿಲ್ಲ, ತನ್ನನ್ನು ಪ್ರೀತಿಸಿದವರನ್ನೇ ಕಚ್ಚುವ ಕ್ರೂರತೆಯಿಲ್ಲ. ನನಗೆ ಗೊತ್ತಿರುವ ಮಕ್ಕಳಲ್ಲಿ ಇವೆಲ್ಲವೂ ಇವೆ, ಮತ್ತು ಅವೆಲ್ಲವೂ ಬಹುಪಾಲು ಯಾರಾದರೂ ತಮ್ಮ ಕಡೆ ತಿರುಗಲಿ ಎಂಬ ಆಸೆಯ ಬೇರೆ ಬೇರೆ ರೂಪಗಳೇ ಆಗಿವೆ. ಕನ್ನಡದಲ್ಲಿ ಇದಕ್ಕೆ ವಿರುದ್ಧವಾದ ಸಾಧನೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೆತ್ತವರಿಲ್ಲದೆ ಗುಡಿಯಲ್ಲಿ ಮುದುಕನೊಬ್ಬನ ಆಸರೆಯಲ್ಲಿ ಬೆಳೆಯುವ ಹುಡುಗನನ್ನು ಕುರಿತ ದೇವನೂರ ಮಹಾದೇವ ಅವರ ‘ಅಮಾಸ’ ಕಥೆ ಕರುಣೆಯನ್ನು ಬೇಡದೆ ಆ ಹುಡುಗನನ್ನು ನಮ್ಮ ನಡುವೆ ತಂದು ನಿಲ್ಲಿಸಿತು. ಅಂಥ ದಾರಿ ಇದ್ದೂ ಅದರಲ್ಲಿ ನಡೆಯುವವರು ಕಡಿಮೆಯಾದರಲ್ಲ ಎಂಬುದು ನನ್ನ ಕೊರಗು.

ಧಾಮದ ಮಕ್ಕಳು ಯಾವ ಪುಟವನ್ನು ಮತ್ತೆ ಓದಿಸುತ್ತಾರೆ ಎಂಬುದನ್ನು ಹೇಳಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾಗಬಹುದು. ಅನಾಥ ಬಾಲಕ ಸತ್ಯವಂತನಾಗಿದ್ದು ಕಡೆಗೆ ಶ್ರೀಮಂತರ ಮನೆ ಸೇರುವ ಕಥೆಗಳನ್ನು ಅವರು ಸಭ್ಯವಾಗಿ ಕೇಳಿ ಸುಮ್ಮನಾಗುತ್ತಾರೆ. ಅವರು ಪದೇ ಪದೇ ಕೇಳುವುದು ಒಂದು ಸಾಧಾರಣ ಕಥೆಯ ಒಂದು ಸಾಧಾರಣ ಪುಟವನ್ನು: ಆಡಲು ಹೋದ ಹುಡುಗ ತಡವಾಗಿ ಮನೆಗೆ ಬರುತ್ತಾನೆ, ಬಾಗಿಲಲ್ಲಿ ನಿಂತ ತಾಯಿ ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈಯುತ್ತಾಳೆ. ಬೈಗುಳ ಬಂದಾಗ ಅವರ ಮುಖಗಳು ಬೆಳಗುತ್ತವೆ. ತಡವಾಯಿತೆಂಬುದನ್ನು ಯಾರೋ ಗಮನಿಸಿದರು ಎಂಬ ಸಂಗತಿ ಅವರಿಗೆ ಎಲ್ಲ ಸಂಪತ್ತಿಗಿಂತ ಹೆಚ್ಚಿನದಾಗಿ ಕಾಣುತ್ತದೆ. ಲೇಖಕರು ಆ ಪುಟವನ್ನು ಬಹುಶಃ ಅಷ್ಟೇನೂ ಯೋಚಿಸದೆ ಬರೆದಿರಬಹುದು. ಆದರೆ ಅದರಲ್ಲಿ ನಿಜವಿದೆ.

ಅಲಕ್ಷಿತ ಮಗು ಎಂದೊಡನೆ ಬೀದಿಯನ್ನೋ ಅನಾಥಾಲಯವನ್ನೋ ಮಾತ್ರ ನೆನೆಯಬಾರದು. ಎಲ್ಲ ಅನುಕೂಲಗಳಿರುವ ಮನೆಯಲ್ಲಿ, ದೊಡ್ಡವರು ತಮ್ಮ ತಮ್ಮ ಪರದೆಗಳಲ್ಲಿ ಮುಳುಗಿರುವಾಗ, ಮಗುವಿನೊಡನೆ ದಿನವಿಡೀ ಮಾತನಾಡುವ ಒಂದೇ ದನಿ ಸುದ್ದಿ ಚರ್ಚೆಯ ಕಿರುಚಾಟವಾಗಿರಬಹುದು. ಆ ದನಿ ಯಾರು ನಮ್ಮವರು, ಯಾರು ಹಗೆಗಳು, ಯಾರನ್ನು ಕಂಡರೆ ಸಿಟ್ಟಾಗಬೇಕು ಎಂದು ಹೇಳಿಕೊಡುತ್ತದೆ, ನೀನೂ ನಮ್ಮೊಂದಿಗಿದ್ದೀಯೆ ಎಂಬ ಭರವಸೆಯನ್ನೂ ಕೊಡುತ್ತದೆ. ಎಲ್ಲಿಯೂ ಸೇರದ ಮಗು ಆ ಭರವಸೆಯನ್ನು ಬಿಡುವುದಿಲ್ಲ. ಸಮವಸ್ತ್ರ, ಘೋಷಣೆ, ಒಂದು ಹೆಸರು, ಒಂದು ಕೆಲಸ ಕೊಟ್ಟು ಎಳೆಯರನ್ನು ಸೇರಿಸಿಕೊಂಡ ಎಲ್ಲ ಸಂಘಟನೆಗಳಿಗೂ ಇದು ತಿಳಿದಿತ್ತು.

ಪ್ರಚಾರದ ಮಗು ಮತ್ತು ಅಲಕ್ಷಿತ ಮಗು ಒಂದೇ ಕಾಲದಲ್ಲಿ ಹೇಗೆ ಇರಬಲ್ಲವು ಎಂಬುದನ್ನು ರುಮೇನಿಯ ಅತ್ಯಂತ ಭೀಕರವಾಗಿ ತೋರಿಸಿತು. ಜನಸಂಖ್ಯೆ ಹೆಚ್ಚಿಸಬೇಕೆಂದು ಅಲ್ಲಿನ ಕಮ್ಯುನಿಸ್ಟ್ ನಾಯಕ ಚೌಷೆಸ್ಕುವಿನ ಸರ್ಕಾರ 1966ರಲ್ಲಿ 770ನೆಯ ಆಜ್ಞೆಯ ಮೂಲಕ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲಾರದ ಕುಟುಂಬಗಳ ಮಕ್ಕಳು ಸರ್ಕಾರಿ ಪಾಲನಾಗೃಹಗಳನ್ನು ತುಂಬಿದರು. 1976ರಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೂ ಒಂದು ರಾಜಕೀಯ ಸಂಘಟನೆ ಹುಟ್ಟಿತು. ಟಿವಿಯಲ್ಲಿ ಮಕ್ಕಳು ನಾಯಕನಿಗೆ ಹೂಗುಚ್ಛ ಕೊಟ್ಟು ಸ್ತುತಿ ಹಾಡುತ್ತಿದ್ದ ಆ ವರ್ಷಗಳಲ್ಲೇ ಪಾಲನಾಗೃಹಗಳಲ್ಲಿ ಮಕ್ಕಳು ಸಾಲು ಸಾಲು ತೊಟ್ಟಿಲುಗಳಲ್ಲಿ ಮುಟ್ಟುವವರಿಲ್ಲದೆ ಮಲಗಿದ್ದರು. 1989ರಲ್ಲಿ ಆ ಆಡಳಿತ ಉರುಳಿದಾಗ ಅಂಥ ಮಕ್ಕಳ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಒಳಹೊಕ್ಕವರನ್ನು ಬೆಚ್ಚಿಬೀಳಿಸಿದ್ದು ಶಿಶುಗಳ ಕೋಣೆಗಳಲ್ಲಿದ್ದ ಮೌನ. ಅತ್ತರೂ ಯಾರೂ ಬಾರದೆ ಇದ್ದುದರಿಂದ ಅವು ಅಳುವುದನ್ನು ಬಿಟ್ಟಿದ್ದವು. 2000ದಲ್ಲಿ ಬುಕಾರೆಸ್ಟ್‌ನಲ್ಲಿ 136 ಮಕ್ಕಳೊಡನೆ ಆರಂಭವಾದ ಅಧ್ಯಯನವೊಂದು, ಎರಡು ವರ್ಷ ತುಂಬುವ ಮುನ್ನ ಪೋಷಕ ಕುಟುಂಬಗಳನ್ನು ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡದ್ದನ್ನು ಕಂಡುಕೊಂಡಿತು. ಗಮನ ಎಂದು ನಾನು ಕರೆಯುತ್ತಿರುವುದು ಕವಿಗಳ ಕಲ್ಪನೆಯಲ್ಲ. ಮಿದುಳು ಬೆಳೆಯಲು ಬೇಕಾದ ಆಹಾರ ಅದು.

ಆದುದರಿಂದ ಸಂಪಾದಕರಲ್ಲಿ ನನ್ನ ಬಿನ್ನಹಗಳಿವು. ಹೇಳಿಕೊಟ್ಟ ಮಾತನ್ನು ಮಗುವಿನ ಬಾಯಲ್ಲಿ ಹೇಳಿಸುವುದನ್ನು ಇಂದೇ ನಿಲ್ಲಿಸಿ. ತನ್ನ ಬದುಕಿಗೆ ಸೇರದ ಕಥೆಯನ್ನು ಹೇಳುವಂತೆ ಮಗುವನ್ನು ಕೇಳಬಾರದೆಂದು ಯುನಿಸೆಫ್ ಪತ್ರಕರ್ತರಿಗಾಗಿ ರೂಪಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ಮಗುವಿನ ಮುಖ ತೋರಿಸುವ ಮುನ್ನ, ಈ ಚಿತ್ರದಿಂದ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಸುದ್ದಿಮನೆಯಲ್ಲಿ ಒಬ್ಬರಾದರೂ ಲಿಖಿತವಾಗಿ ಉತ್ತರಿಸುವ ಪದ್ಧತಿ ಬರಲಿ. ಒಂದು ಸಲ ತೋರಿಸಿದ ಮಗುವಿನ ಸ್ಥಿತಿ ಏನಾಯಿತೆಂದು ಆರು ತಿಂಗಳ ಬಳಿಕ, ವರ್ಷದ ಬಳಿಕ ಕ್ಯಾಮೆರಾ ಇಲ್ಲದೆ ಹೋಗಿ ವಿಚಾರಿಸಿ ಬರುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿ. ಮಗು ಹೇಳಬಯಸುವುದು ಬೇರೆಯೇ ಆಗಿದ್ದರೆ, ಅದು ಸುದ್ದಿಯಲ್ಲದಿದ್ದರೂ ಪೂರ್ತಿ ಕೇಳಿಸಿಕೊಂಡು ಎದ್ದುಬನ್ನಿ. ಒಡಂಬಡಿಕೆಯ 12ನೆಯ ವಿಧಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ, 16ನೆಯ ವಿಧಿ ಅದರ ಖಾಸಗಿತನವನ್ನು ಕಾಪಾಡುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟವೆಂದು ನನಗೆ ತಿಳಿದಿದೆ, ಅಸಾಧ್ಯವೆಂದು ನಾನು ಒಪ್ಪಲಾರೆ.

ಲೇಖಕರಲ್ಲಿ ಕೇಳುವುದು ಇನ್ನೂ ಕಷ್ಟದ್ದು. ಅಲಕ್ಷಿತ ಮಗುವನ್ನು ಕುರಿತು ಬರೆಯುವಾಗ ಅದರಿಂದ ಏನನ್ನೂ ಸಾಧಿಸಹೊರಡಬೇಡಿ. ಅದರ ಸುಳ್ಳು, ಅದರ ಸಿಟ್ಟು, ಅದರ ಆಟದ ನಿಯಮಗಳು, ಒಬ್ಬರ ಹಿಂದೆ ಒಬ್ಬರನ್ನು ಪರೀಕ್ಷಿಸುವ ಅದರ ಚತುರತೆ ಇವೆಲ್ಲ ಪುಟದ ಮೇಲೆ ಬರಲಿ. ಕಡೆಯಲ್ಲಿ ಅದು ಒಳ್ಳೆಯದಾಗದಿದ್ದರೂ, ಯಾರೂ ಬಂದು ಕಾಪಾಡದಿದ್ದರೂ ಚಿಂತೆಯಿಲ್ಲ. ಬರೆಯುವ ಮುನ್ನ ಅಂಥ ಮಕ್ಕಳ ನಡುವೆ ಕೆಲವು ಕಾಲ ಸುಮ್ಮನೆ ಇದ್ದು ಬನ್ನಿ, ಟಿಪ್ಪಣಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟು. ಬಹುಮಾನ ಕೊಡುವ ಸಮಿತಿಗಳವರು ಕಣ್ಣೀರು ತರಿಸುವುದನ್ನೇ ಗುಣವೆಂದು ಎಣಿಸುವುದನ್ನು ಕಡಿಮೆ ಮಾಡಿದರೆ ಬರೆಯುವವರಿಗೂ ಸ್ವಲ್ಪ ಧೈರ್ಯ ಬರುತ್ತದೆ.

ಪ್ರಕಾಶಕರಿಗೆ ಒಂದೇ ಮಾತು. ನಮ್ಮ ಧಾಮದಂಥ ಕಡೆಗಳಿಗೆ ದಾನವಾಗಿ ಬರುವ ಪುಸ್ತಕಗಳು ಬಹುತೇಕ ಮಾರಾಟವಾಗದೆ ಉಳಿದವು, ನೀತಿ ಹೇಳುವವು, ಇಲ್ಲವೇ ಪುಟಗಳು ಕಿತ್ತುಹೋದವು. ಅವುಗಳ ಬದಲಿಗೆ, ತಮ್ಮ ಮನೆಯ ಮಕ್ಕಳಿಗೆ ತಾವೇ ಆರಿಸಿ ಕೊಡುವಂಥ ಹೊಸ ಪುಸ್ತಕಗಳನ್ನು ಕಡಿಮೆ ಸಂಖ್ಯೆಯಲ್ಲಾದರೂ ಕಳುಹಿಸಿ, ಮತ್ತು ಸಾಧ್ಯವಾದರೆ ಆ ಪುಸ್ತಕವನ್ನು ಬರೆದವರನ್ನು ಒಂದು ಸಂಜೆ ಜೊತೆಯಲ್ಲಿ ಕರೆತನ್ನಿ. ಭಾಷಣ ಬೇಡ, ಛಾಯಾಚಿತ್ರ ಬೇಡ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಅವರಿಗೆ ಬಿಡುವಿದ್ದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮಕ್ಕಳಿಗೆ ಕಥೆ ಓದುವ ಒಬ್ಬ ಓದುಗ